ಸಂದರ್ಶನ ಮುಗಿದ ಮೇಲೆ ಬರೆಯುವ ನಾಲ್ಕು ಸಾಲು

ಸಂದರ್ಶನ ಕೊಟ್ಟು ಬಂದಾಗಿದೆ. ಕರೆದು ಮಾತಾಡಿಸಿದವರಿಗೆ ಧನ್ಯವಾದ ಹೇಳಿ ಒಂದು ಇಮೇಲ್ ಕಳಿಸಬೇಕೇ? ಕಳಿಸಿದರೆ ಹಲ್ಲುಗಿಂಜಿದ ಹಾಗೆ ಕಾಣುತ್ತದೆಯೇ? ಕಳಿಸದಿದ್ದರೆ ಸೊಕ್ಕು ಅಂದುಕೊಳ್ಳುತ್ತಾರೆಯೇ? ಬೆಂಗಳೂರಿನಲ್ಲಿ ಕೆಲಸ ಹುಡುಕುತ್ತಿರುವವರು ನನ್ನನ್ನು ಆಗಾಗ ಕೇಳುವ ಪ್ರಶ್ನೆಗಳಿವು. ಸಂದರ್ಶನದ ಮೇಜಿನ ಆಚೆ ಬದಿಯಲ್ಲಿ ಕೂತು ಇಂಥ ಇಮೇಲ್‌ಗಳನ್ನು ಓದುವುದು ನನ್ನ ಕೆಲಸದ ಒಂದು ಭಾಗ. ಹಾಗಾಗಿ ಓದುವವರ ಕಡೆಯಿಂದ ಏನು ಕಾಣುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಸಂದರ್ಶನದ ಮರುದಿನ ಕೃತಜ್ಞತೆಯ ಪತ್ರ ಬರೆಯುವುದು ಅಮೆರಿಕದಲ್ಲಿ ಬಹುಕಾಲದಿಂದ ಇರುವ ರೂಢಿ. ಮೊದಲು ಕೈಬರಹದ ಕಾರ್ಡ್ ಕಳಿಸುತ್ತಿದ್ದರು, ಈಗ ಇಮೇಲ್ ಕಳಿಸುತ್ತಾರೆ. ಅಲ್ಲಿನ ಕಂಪನಿಗಳು ಇಲ್ಲಿ ಕಚೇರಿ ತೆರೆದಂತೆಲ್ಲ ಆ ಅಭ್ಯಾಸವೂ ನಮ್ಮ ಕಡೆ ಬಂತು. ಆದರೂ ನಮ್ಮಲ್ಲಿ ಅದು ಕಡ್ಡಾಯವಲ್ಲ. ಕಳಿಸಲಿಲ್ಲ ಎಂದು ನಿಮ್ಮ ಹೆಸರಿಗೆ ಯಾರೂ ಗೆರೆ ಎಳೆಯುವುದಿಲ್ಲ. ಕೆಟ್ಟುಹೋದ ಸಂದರ್ಶನವನ್ನು ಪತ್ರ ಸರಿಮಾಡುವುದೂ ಇಲ್ಲ. ಅದರಿಂದ ಆಗುವ ಕೆಲಸ ಒಂದೇ: ಆ ಮುಕ್ಕಾಲು ಗಂಟೆ ನೀವು ನಿಜವಾಗಿ ಕಿವಿಗೊಟ್ಟು ಕೇಳಿದ್ದೀರಿ ಎಂಬುದು ಎದುರಿನವರಿಗೆ ಗೊತ್ತಾಗುತ್ತದೆ. ಅದಕ್ಕೆ ನಾಲ್ಕೈದು ಸಾಲು ಸಾಕು.

ಎಲ್ಲಿ ಕಳಿಸಲೇಬಾರದು

ಇದನ್ನು ಮೊದಲೇ ಹೇಳಿಬಿಡಬೇಕು, ಏಕೆಂದರೆ ಇಲ್ಲಿ ತಪ್ಪಿದರೆ ನಷ್ಟ ದೊಡ್ಡದು. ಸರ್ಕಾರಿ ನೇಮಕಾತಿಯ ಸಂದರ್ಶನವಾದರೆ ಪತ್ರ, ಇಮೇಲ್, ವಾಟ್ಸಾಪ್ ಯಾವುದೂ ಬೇಡ. ಕೆಪಿಎಸ್‌ಸಿ ಇರಲಿ, ಯುಪಿಎಸ್‌ಸಿ ನಾಗರಿಕ ಸೇವೆಯ 275 ಅಂಕಗಳ ವ್ಯಕ್ತಿತ್ವ ಪರೀಕ್ಷೆ ಇರಲಿ, ವಿಶ್ವವಿದ್ಯಾಲಯದ ಬೋಧಕ ಹುದ್ದೆ ಇರಲಿ, ಆಯ್ಕೆ ಮಂಡಳಿಯ ಸದಸ್ಯರನ್ನು ಹೊರಗಿನಿಂದ ಸಂಪರ್ಕಿಸಿದರೆ ಅದನ್ನು ಪ್ರಭಾವ ಬೀರುವ ಯತ್ನ ಎಂದೇ ತೆಗೆದುಕೊಳ್ಳಲು ಅವಕಾಶವಿದೆ. ಅಂಥ ಯತ್ನ ಮಾಡಿದ ಅಭ್ಯರ್ಥಿಯನ್ನು ಅನರ್ಹಗೊಳಿಸುವ ಷರತ್ತು ಸರ್ಕಾರಿ ಅಧಿಸೂಚನೆಗಳಲ್ಲಿ ಸಾಮಾನ್ಯ. ನಿಮ್ಮ ಉದ್ದೇಶ ಬರೀ ಧನ್ಯವಾದವೇ ಆಗಿದ್ದರೂ ಅದನ್ನು ಸಾಬೀತು ಮಾಡುತ್ತಾ ಕೂರುವ ಪರಿಸ್ಥಿತಿ ಬೇಡ. ಕೋಣೆಯಿಂದ ಏಳುವಾಗ ಹೇಳುವ ನಮಸ್ಕಾರವೇ ಅಲ್ಲಿ ಧನ್ಯವಾದ. ಕೇಂದ್ರ ಸರ್ಕಾರದ ಗ್ರೂಪ್ ಸಿ ಮತ್ತು ಗೆಜೆಟೆಡ್ ಅಲ್ಲದ ಗ್ರೂಪ್ ಬಿ ಹುದ್ದೆಗಳಿಗಂತೂ 2016ರ ಜನವರಿ 1ರಿಂದ ಸಂದರ್ಶನವೇ ಇಲ್ಲ.

ಕಾಲೇಜಿನಲ್ಲಿ ನಡೆಯುವ ಕ್ಯಾಂಪಸ್ ನೇಮಕಾತಿಯಲ್ಲೂ ಒಬ್ಬೊಬ್ಬರೇ ಇಮೇಲ್ ಕಳಿಸುವುದು ಬೇಡ. ಒಂದೇ ದಿನ ನೂರಾರು ವಿದ್ಯಾರ್ಥಿಗಳನ್ನು ನೋಡಿ ಹೋದವರಿಗೆ ನೂರಾರು ಧನ್ಯವಾದ ಬಂದರೆ ಒಂದೂ ಓದಿಸಿಕೊಳ್ಳುವುದಿಲ್ಲ. ಪ್ಲೇಸ್‌ಮೆಂಟ್ ಅಧಿಕಾರಿಗೆ ತಿಳಿಸಿ, ಎಲ್ಲರ ಪರವಾಗಿ ಕಾಲೇಜಿನಿಂದಲೇ ಒಂದು ಪತ್ರ ಹೋಗಲಿ. ವಾಕ್-ಇನ್ ಸಂದರ್ಶನದಲ್ಲಿ ಅಲ್ಲೇ ಫಲಿತಾಂಶ ಹೇಳಿದ್ದರೆ ಆಗಲೂ ಪತ್ರದ ಅಗತ್ಯ ಬೀಳುವುದಿಲ್ಲ.

ಹೊರಬಂದ ಕೂಡಲೇ

ಪತ್ರದ ಅರ್ಧ ಕೆಲಸ ನಡೆಯುವುದು ಕಚೇರಿಯ ಗೇಟಿನಿಂದ ಮೆಟ್ರೋ ನಿಲ್ದಾಣಕ್ಕೆ ನಡೆಯುವ ಹತ್ತು ನಿಮಿಷದಲ್ಲಿ. ಮನೆಗೆ ಹೋಗಿ, ಕಾಫಿ ಕುಡಿದು, ಅಮ್ಮನಿಗೆ ಫೋನಿನಲ್ಲಿ ಎಲ್ಲ ಹೇಳಿ ಮುಗಿಸುವಷ್ಟರಲ್ಲಿ ಮಾತಿನ ನಿಜವಾದ ವಿವರಗಳು ಹೋಗಿರುತ್ತವೆ, ‘ಚೆನ್ನಾಗಾಯ್ತು’ ಅಥವಾ ‘ಅಷ್ಟಕ್ಕಷ್ಟೆ’ ಎಂಬ ಒಂದು ಅಭಿಪ್ರಾಯ ಮಾತ್ರ ಉಳಿದಿರುತ್ತದೆ. ಆದ್ದರಿಂದ ಫೋನಿನಲ್ಲೇ ಬರೆದುಕೊಳ್ಳಿ: ಯಾರ್ಯಾರಿದ್ದರು, ಯಾರು ಯಾವ ಪ್ರಶ್ನೆ ಕೇಳಿದರು, ಅವರು ತಮ್ಮ ಕೆಲಸದ ಬಗ್ಗೆ ಹೇಳಿದ ಒಂದು ಕಷ್ಟ ಯಾವುದು, ಯಾವ ಪ್ರಶ್ನೆಗೆ ನಿಮ್ಮ ಉತ್ತರ ಸೊರಗಿತು, ಮುಂದಿನ ಸುದ್ದಿ ಯಾವಾಗ ತಿಳಿಸುತ್ತೇವೆ ಎಂದರು. ಟೈಪ್ ಮಾಡಲು ಬೇಸರವಾದರೆ ಧ್ವನಿ ರೆಕಾರ್ಡ್ ಮಾಡಿಕೊಂಡರೂ ಆಗುತ್ತದೆ. ಸಂದರ್ಶನ ನಡೆಯುತ್ತಿರುವಾಗ ಮಾತ್ರ ಅವರ ಅನುಮತಿ ಕೇಳದೆ ರೆಕಾರ್ಡ್ ಮಾಡಬೇಡಿ.

ಹೆಸರಿನ ವಿಷಯದಲ್ಲಿ ಹೆಚ್ಚು ಜಾಗ್ರತೆ ಬೇಕು. ಸೌಮ್ಯ ಎಂಬ ಒಂದೇ ಹೆಸರನ್ನು ಇಂಗ್ಲಿಷಿನಲ್ಲಿ ಒಬ್ಬೊಬ್ಬರು ಒಂದೊಂದು ರೀತಿ ಬರೆಯುತ್ತಾರೆ. ಲಕ್ಷ್ಮಿಗೆ ಕೆಲವರು ಎಕ್ಸ್ ಹಾಕುತ್ತಾರೆ, ಕೆಲವರಿಗೆ ಎಕ್ಸ್ ಕಂಡರಾಗದು. ತಪ್ಪು ಸ್ಪೆಲಿಂಗಿನಲ್ಲಿ ತಮ್ಮ ಹೆಸರು ನೋಡಿದವರು ಏನೂ ಹೇಳದಿರಬಹುದು, ಆದರೆ ಕಣ್ಣು ಅಲ್ಲೇ ನಿಲ್ಲುತ್ತದೆ. ಸಂದರ್ಶನಕ್ಕೆ ಬಂದ ಕ್ಯಾಲೆಂಡರ್ ಆಹ್ವಾನದಲ್ಲಿ ಅವರ ಹೆಸರು ಹೇಗಿದೆಯೋ ಹಾಗೇ ಬರೆಯಿರಿ. ನಮ್ಮ ಕಡೆಯ ಹೆಸರುಗಳ ಕೊನೆಯಲ್ಲಿ ಇನಿಷಿಯಲ್ ಇರುತ್ತದೆ. ಮಂಜುನಾಥ್ ಕೆ. ಆರ್. ಎಂಬವರನ್ನು ‘ಡಿಯರ್ ಕೆ. ಆರ್.’ ಎಂದು ಕರೆದು ಬರೆದ ಪತ್ರಗಳನ್ನು ನೋಡಿದ್ದೇನೆ. ಫೋನಿನಲ್ಲೋ ಚಾಟಿನಲ್ಲೋ ಮಾತ್ರ ಪರಿಚಯವಾದ ಕಿರಣ್, ಜ್ಯೋತಿ, ಶಶಿ ಇಂಥ ಹೆಸರುಗಳಿಗೆ ಸರ್ ಅಥವಾ ಮೇಡಂ ಸೇರಿಸುವ ಮುನ್ನ ಎಚ್‌ಆರ್ ಅವರನ್ನು ಕೇಳುವುದರಲ್ಲಿ ಸಂಕೋಚ ಬೇಡ.

ಯಾರಿಗೆ, ಯಾವ ವಿಳಾಸಕ್ಕೆ

ಗೂಗಲ್ ಮೀಟ್ ಅಥವಾ ಟೀಮ್ಸ್‌ನಲ್ಲಿ ಸಂದರ್ಶನ ನಡೆದಿದ್ದರೆ ಆಹ್ವಾನದ ಪಟ್ಟಿಯಲ್ಲಿ ಸಾಮಾನ್ಯವಾಗಿ ಎಲ್ಲರ ಇಮೇಲ್ ವಿಳಾಸ ಇರುತ್ತದೆ. ಇದ್ದರೆ ನೇರವಾಗಿ ಕಳಿಸಬಹುದು. ಪಟ್ಟಿಯನ್ನು ಮುಚ್ಚಿಟ್ಟಿದ್ದರೆ ಅದಕ್ಕೊಂದು ಕಾರಣ ಇರುತ್ತದೆ. ಹೆಸರಿನ ಮುಂದೆ ಕಂಪನಿಯ ಡೊಮೇನ್ ಸೇರಿಸಿ ಊಹೆಯ ವಿಳಾಸಕ್ಕೆ ಕಳಿಸುವುದು, ಯಾರಿಂದಲೋ ಮೊಬೈಲ್ ನಂಬರ್ ತರಿಸಿಕೊಳ್ಳುವುದು ಇವೆರಡೂ ಅತಿಯಾಯಿತು. ನಿಮ್ಮ ಜೊತೆ ವ್ಯವಹರಿಸಿದ ಎಚ್‌ಆರ್ ಅವರಿಗೇ ಬರೆದು, ‘ಸಂದರ್ಶನ ಮಾಡಿದವರಿಗೂ ನನ್ನ ಧನ್ಯವಾದ ತಲುಪಿಸಿ’ ಎಂದರೆ ಸಾಕು. ಸಾಮಾನ್ಯವಾಗಿ ಅದನ್ನು ಫಾರ್ವರ್ಡ್ ಮಾಡುತ್ತಾರೆ. ‘ನೋ ರಿಪ್ಲೈ’ ವಿಳಾಸದಿಂದ ಬಂದ ಇಮೇಲ್‌ಗೆ ಉತ್ತರಿಸಿದರೆ ಮಾತ್ರ ಅದು ಯಾರ ಕಣ್ಣಿಗೂ ಬೀಳುವುದಿಲ್ಲ.

ಕನ್ಸಲ್ಟೆನ್ಸಿ ಮೂಲಕ ಹೋದವರು ಕನ್ಸಲ್ಟೆಂಟನ್ನು ದಾಟಿ ನೇರವಾಗಿ ಕಂಪನಿಗೆ ಬರೆಯುವ ಮುನ್ನ ಅವರನ್ನು ಒಂದು ಮಾತು ಕೇಳಿ. ಅವರಿಗೂ ಕಂಪನಿಗೂ ನಡುವೆ ಒಪ್ಪಂದವಿರುತ್ತದೆ, ಅಭ್ಯರ್ಥಿ ನೇರ ಸಂಪರ್ಕ ಮಾಡಿದರೆ ಗೊಂದಲವಾಗುತ್ತದೆ.

ಒಂದೇ ಕೋಣೆಯಲ್ಲಿ ಮೂವರು ಕೂತು ಸಂದರ್ಶನ ಮಾಡಿದ್ದರೆ ಮೂವರಿಗೂ ಸೇರಿಸಿ ಒಂದೇ ಇಮೇಲ್ ಸಾಕು ಎಂಬುದು ನನ್ನ ಅಭಿಪ್ರಾಯ. ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಕಳಿಸಬೇಕೆಂದು ಹೇಳುವವರಿದ್ದಾರೆ. ಹಾಗೆ ಕಳಿಸುವುದಾದರೆ ಪತ್ರಗಳೂ ಬೇರೆಬೇರೆಯೇ ಆಗಿರಬೇಕು. ಹೆಸರು ಮಾತ್ರ ಬದಲಿಸಿ ಅದೇ ಪತ್ರವನ್ನು ಮೂವರಿಗೆ ಕಳಿಸಿದರೆ ಊಟದ ಹೊತ್ತಿಗೆ ಮೂವರಿಗೂ ಗೊತ್ತಾಗಿರುತ್ತದೆ. ಬೇರೆಬೇರೆ ಸುತ್ತುಗಳಲ್ಲಿ ಬೇರೆಬೇರೆಯವರು ಮಾತಾಡಿದ್ದರೆ ಆಗ ಪ್ರತ್ಯೇಕ ಪತ್ರಕ್ಕೆ ಅರ್ಥವಿದೆ.

ವಾಟ್ಸಾಪಿನಲ್ಲಿ ಅವರಾಗಿ ಮೊದಲು ಸಂದೇಶ ಕಳಿಸಿದ್ದರೆ ನೀವೂ ಅಲ್ಲೇ ಎರಡು ಸಾಲು ಬರೆಯಬಹುದು. ಚಿಕ್ಕ ಸಂಸ್ಥೆಗಳಲ್ಲಿ, ಅಂಗಡಿ, ಕ್ಲಿನಿಕ್, ಟ್ಯೂಷನ್ ಕೇಂದ್ರಗಳಲ್ಲಿ ಎಲ್ಲವೂ ನಡೆಯುವುದು ವಾಟ್ಸಾಪಿನಲ್ಲೇ. ಅಲ್ಲಿಯೂ ಕೈಮುಗಿದ ಇಮೋಜಿಯ ಸಾಲು, ‘ಶುಭೋದಯ’ದ ಹೂವಿನ ಚಿತ್ರ ಬೇಡ. ಲಿಂಕ್ಡ್‌ಇನ್‌ನಲ್ಲಿ ಸಂಪರ್ಕದ ಕೋರಿಕೆಯನ್ನು ಫಲಿತಾಂಶ ತಿಳಿಯುವವರೆಗೆ ತಡೆಹಿಡಿಯಿರಿ. ‘ಇಂಥ ಕಂಪನಿಯಲ್ಲಿ ಇವತ್ತು ಸಂದರ್ಶನ ಕೊಟ್ಟೆ’ ಎಂದು ಸಂದರ್ಶಕರನ್ನು ಟ್ಯಾಗ್ ಮಾಡಿ ಎಲ್ಲರಿಗೂ ಕಾಣುವಂತೆ ಹಾಕುವುದಂತೂ ಬೇಡವೇ ಬೇಡ.

ಯಾವಾಗ

ಅದೇ ದಿನ ಸಂಜೆ, ಇಲ್ಲದಿದ್ದರೆ ಮರುದಿನ ಬೆಳಗ್ಗೆ. 24 ಗಂಟೆ ದಾಟಿಸಬೇಡಿ. ಸಂದರ್ಶನ ಮಾಡಿದವರು ತಮ್ಮ ಅಭಿಪ್ರಾಯವನ್ನು ಅಷ್ಟರೊಳಗೆ ಬರೆದು ಕೊಟ್ಟಿರುತ್ತಾರೆ. ಹಾಗೆಂದು ಲಿಫ್ಟ್ ಇಳಿಯುವಷ್ಟರಲ್ಲೇ ಕಳಿಸಿದರೆ ಮೊದಲೇ ಬರೆದಿಟ್ಟುಕೊಂಡಿದ್ದ ಪತ್ರ ಎಂದು ಗೊತ್ತಾಗುತ್ತದೆ. ರಾತ್ರಿ ಒಂದು ಗಂಟೆಗೆ ಬರೆದು ಮುಗಿಸಿದರೆ ಜಿಮೇಲ್‌ನ ಶೆಡ್ಯೂಲ್ ಸೆಂಡ್ ಬಳಸಿ ಬೆಳಗ್ಗೆ ಒಂಬತ್ತಕ್ಕೆ ಹೋಗುವಂತೆ ಇಡಿ. ಜಿಮೇಲ್ ಸೆಟ್ಟಿಂಗ್ಸ್‌ನಲ್ಲಿ ಅನ್‌ಡೂ ಸೆಂಡ್ ಅವಧಿಯನ್ನು 30 ಸೆಕೆಂಡಿಗೆ ಏರಿಸಿಟ್ಟುಕೊಳ್ಳುವುದೂ ಒಳ್ಳೆಯದು. ಕಳಿಸಿದ ಮರುಕ್ಷಣವೇ ಕಾಣಿಸಿಕೊಳ್ಳುವ ತಪ್ಪುಗಳಿಗೆ ಅದು ಮದ್ದು.

ಅಮೆರಿಕದ ತಂಡದ ಜೊತೆ ಮಾತಾಡಿದವರು ಅವರ ಗಡಿಯಾರ ನೋಡಬೇಕು. ಬೇಸಿಗೆಯಲ್ಲಿ ನಮ್ಮ ರಾತ್ರಿ ಒಂಬತ್ತೂವರೆ ಎಂದರೆ ಕ್ಯಾಲಿಫೋರ್ನಿಯಾದಲ್ಲಿ ಬೆಳಗಿನ ಒಂಬತ್ತು. ಚಳಿಗಾಲದಲ್ಲಿ ಅದು ಒಂದು ಗಂಟೆ ಮುಂದಕ್ಕೆ ಹೋಗಿ ನಮ್ಮ ಹತ್ತೂವರೆಯಾಗುತ್ತದೆ. ನವೆಂಬರಿನ ನಾಲ್ಕನೇ ಗುರುವಾರ ಅಲ್ಲಿ ಥ್ಯಾಂಕ್ಸ್‌ಗಿವಿಂಗ್ ರಜೆ, ಶುಕ್ರವಾರವೂ ಎಷ್ಟೋ ಕಚೇರಿಗಳು ಖಾಲಿ. ಆ ವಾರ ಉತ್ತರ ಬರಲಿಲ್ಲವೆಂದು ಕಂಗೆಡಬೇಡಿ. ಅಲ್ಲಿಯವರಿಗೆ ಬರೆಯುವಾಗ ‘ಸರ್’ ಬಿಟ್ಟು ಹೆಸರು ಹಿಡಿದು ಕರೆಯುವುದೇ ಮರ್ಯಾದೆ. ಅಲ್ಲಿನ ಕೆಲಸಕ್ಕೆ ಪ್ರಯತ್ನಿಸುತ್ತಿರುವ ನಮ್ಮವರು ಈ ಪತ್ರವನ್ನು ತಪ್ಪಿಸಬಾರದು. ಇಲ್ಲಿ ಅದು ಇದ್ದರೆ ಒಳ್ಳೆಯದು ಅಷ್ಟೆ, ಅಲ್ಲಿ ಎಷ್ಟೋ ಜನ ಅದನ್ನು ಎದುರುನೋಡುತ್ತಾರೆ.

ಬರೆಯುವುದು

ನಮ್ಮಲ್ಲಿ ಹೆಚ್ಚಿನವರು ಪತ್ರ ಬರೆಯಲು ಕಲಿತದ್ದು ಶಾಲೆಯಲ್ಲಿ. ಅಲ್ಲಿ ಕಲಿತದ್ದು ರಜಾ ಅರ್ಜಿ, ಪಂಚಾಯಿತಿಗೆ ಮನವಿ. ಕೈ ಅದಕ್ಕೇ ಒಗ್ಗಿಹೋಗಿದೆ. ಧನ್ಯವಾದ ಹೇಳಲು ಕೂತರೂ ಅರ್ಜಿಯೇ ಹುಟ್ಟುತ್ತದೆ. ನಾನು ಓದುವ ಪತ್ರಗಳಲ್ಲಿ ಹಲವು ಹೀಗಿರುತ್ತವೆ, ಇಂಗ್ಲಿಷಿನಲ್ಲಿದ್ದರೂ ಧಾಟಿ ಇದೇ:

‘ಮಾನ್ಯರೇ, ತಮ್ಮ ಅಮೂಲ್ಯ ಸಮಯವನ್ನು ವ್ಯಯಿಸಿ ನನಗೆ ಸಂದರ್ಶನದ ಸದವಕಾಶ ಕಲ್ಪಿಸಿಕೊಟ್ಟಿದ್ದಕ್ಕಾಗಿ ಅನಂತ ಧನ್ಯವಾದಗಳು. ತಮ್ಮ ಪ್ರತಿಷ್ಠಿತ ಸಂಸ್ಥೆಯಲ್ಲಿ ಸೇವೆ ಸಲ್ಲಿಸುವುದು ನನ್ನ ಬಹುದಿನದ ಕನಸು. ನನ್ನ ಮನೆಯ ಪರಿಸ್ಥಿತಿಯನ್ನು ಗಮನದಲ್ಲಿಟ್ಟುಕೊಂಡು ಒಂದು ಅವಕಾಶ ನೀಡಬೇಕಾಗಿ ತಮ್ಮಲ್ಲಿ ಕಳಕಳಿಯಿಂದ ಪ್ರಾರ್ಥಿಸುತ್ತೇನೆ.’

ಬರೆದವರ ಕಷ್ಟ ನಿಜವೇ ಇರಬಹುದು. ಆದರೆ ಈ ಪತ್ರವನ್ನು ಯಾವ ಕಂಪನಿಗೆ, ಯಾವ ಹುದ್ದೆಗೆ, ಯಾವ ದಿನ ಬೇಕಾದರೂ ಕಳಿಸಬಹುದು. ಸಂದರ್ಶನದಲ್ಲಿ ನಡೆದದ್ದರ ಒಂದು ಸುಳಿವೂ ಇದರಲ್ಲಿಲ್ಲ. ಕೊನೆಯ ಸಾಲಂತೂ ಓದುವವರನ್ನು ಇಕ್ಕಟ್ಟಿಗೆ ಸಿಕ್ಕಿಸುತ್ತದೆ. ಮನೆಯ ಪರಿಸ್ಥಿತಿ ನೋಡಿ ಆಯ್ಕೆ ಮಾಡುವ ಅಧಿಕಾರ ಅವರಿಗಿಲ್ಲ, ಓದಿದ ಮೇಲೆ ಮರೆಯಲೂ ಆಗುವುದಿಲ್ಲ.

ಈಗ ಒಂದು ಉದಾಹರಣೆ ಕಲ್ಪಿಸಿಕೊಳ್ಳೋಣ. ಪೀಣ್ಯದ ಒಂದು ಬಿಡಿಭಾಗಗಳ ಕಾರ್ಖಾನೆಯಲ್ಲಿ ಕ್ವಾಲಿಟಿ ಇಂಜಿನಿಯರ್ ಹುದ್ದೆ. ಮ್ಯಾನೇಜರ್ ಅರ್ಧ ಗಂಟೆ ಮಾತಾಡಿ, ಶಾಪ್ ಫ್ಲೋರಿಗೂ ಕರೆದುಕೊಂಡು ಹೋಗಿ, ರಿಜೆಕ್ಟ್ ಆದ ಒಂದು ಪೀಸನ್ನು ಕೈಗೆ ಕೊಟ್ಟು ಪ್ರಶ್ನೆ ಕೇಳಿದರು. ಅಭ್ಯರ್ಥಿಯ ಉತ್ತರ ಪೂರ್ತಿ ಸರಿಬರಲಿಲ್ಲ. ಅದೇ ಸಂಜೆ ಆತ ಬರೆಯಬಹುದಾದ ಪತ್ರ ಇದು. ವಿಷಯದ ಸಾಲಿನಲ್ಲಿ ‘ಇವತ್ತಿನ ಸಂದರ್ಶನ: ಕ್ವಾಲಿಟಿ ಇಂಜಿನಿಯರ್ ಹುದ್ದೆ’ ಎಂದಿರಲಿ. ಬರೀ ‘ಥ್ಯಾಂಕ್ಸ್’ ಎಂದರೆ ಹುಡುಕುವಾಗ ಸಿಗುವುದಿಲ್ಲ.

‘ನಮಸ್ಕಾರ ಸರ್,

ಇವತ್ತು ಮಾತಾಡಲು ಸಮಯ ಕೊಟ್ಟಿದ್ದಕ್ಕೆ, ಶಾಪ್ ಫ್ಲೋರಿನಲ್ಲಿ ತಪಾಸಣೆ ಹೇಗೆ ನಡೆಯುತ್ತದೆಂದು ತೋರಿಸಿದ್ದಕ್ಕೆ ಧನ್ಯವಾದ.

ಬೆಳಗಿನ ಪಾಳಿಯ ಮೊದಲ ಕೆಲವು ಪೀಸ್‌ಗಳಲ್ಲಷ್ಟೇ ಬೋರ್ ಅಳತೆ ಏಕೆ ತಪ್ಪುತ್ತಿರಬಹುದು ಎಂದು ಕೇಳಿದ್ದಿರಿ. ಇನ್ಸರ್ಟ್ ಸವೆತ ಎಂದಿದ್ದೆ. ಆಮೇಲೆ ಯೋಚಿಸಿದಾಗ, ಸವೆತವಾಗಿದ್ದರೆ ಪೀಸ್ ಹೆಚ್ಚಾದಂತೆಲ್ಲ ಅಳತೆ ಇನ್ನಷ್ಟು ಜಾರಬೇಕಿತ್ತು ಅನ್ನಿಸಿತು. ಬೆಳಗ್ಗೆ ಮಾತ್ರ ಹೀಗಾಗುವುದಾದರೆ, ಸ್ಪಿಂಡಲ್ ಬಿಸಿಯಾಗುವ ಮೊದಲೇ ಜಾಬ್ ಶುರುವಾಗುತ್ತಿದೆಯೇ ಎಂಬುದನ್ನು ಮೊದಲು ನೋಡುತ್ತಿದ್ದೆ.

ಇವತ್ತಿನ ಭೇಟಿಯಿಂದ ಈ ಕೆಲಸದ ಮೇಲಿನ ಆಸಕ್ತಿ ಹೆಚ್ಚಾಗಿದೆ. ನನ್ನಿಂದ ಇನ್ನೇನಾದರೂ ವಿವರ ಬೇಕಿದ್ದರೆ ತಿಳಿಸಿ.’

ಕೆಳಗೆ ಹೆಸರು, ಮೊಬೈಲ್ ನಂಬರ್. ಮುಗಿಯಿತು.

ಬೋರ್ ಎಂದರೆ ಪೀಸಿನೊಳಗೆ ಕೊರೆದ ರಂಧ್ರ, ಇನ್ಸರ್ಟ್ ಎಂದರೆ ಲೋಹ ಕತ್ತರಿಸುವ ಅಲಗು, ಸ್ಪಿಂಡಲ್ ಎಂದರೆ ಯಂತ್ರದ ತಿರುಗುವ ದಂಡ. ಅವುಗಳ ಮಾತಿರುವ ಎರಡನೇ ಪ್ಯಾರಾ ಇಡೀ ಪತ್ರದ ಜೀವ. ಅದನ್ನು ಬೇರೆ ಯಾರೂ, ಬೇರೆ ಯಾವ ಕಂಪನಿಗೂ ಬರೆಯಲು ಸಾಧ್ಯವಿಲ್ಲ. ಹೊರಗೆ ಬಂದ ಮೇಲೂ ಈ ಹುಡುಗ ಆ ಪೀಸಿನ ಬಗ್ಗೆ ಯೋಚಿಸುತ್ತಿದ್ದ ಎಂಬುದು ಮ್ಯಾನೇಜರಿಗೆ ತಿಳಿಯುತ್ತದೆ. ‘ನೋಡುತ್ತಿದ್ದೆ’ ಎಂದು ನಿಲ್ಲಿಸಿದ್ದನ್ನೂ ಗಮನಿಸಿ. ನಿಮ್ಮ ಸಮಸ್ಯೆಗೆ ಕಾರಣ ಇದೇ ಎಂದು ಆತ ತೀರ್ಪು ಕೊಟ್ಟಿಲ್ಲ. ಒಂದು ಎಚ್ಚರಿಕೆ: ಹೀಗೆ ತಿದ್ದಿಕೊಳ್ಳುವುದು ಒಂದೇ ಉತ್ತರಕ್ಕೆ ಇರಲಿ. ಸೊರಗಿದ ಐದೂ ಉತ್ತರಗಳನ್ನು ಮತ್ತೆ ಬರೆದು ಕಳಿಸಿದರೆ ಅದು ಮರುಪರೀಕ್ಷೆಯ ಕೋರಿಕೆಯಂತೆ ಕಾಣುತ್ತದೆ. ಉತ್ತರಗಳೆಲ್ಲ ಚೆನ್ನಾಗಿಯೇ ಬಂದಿದ್ದರೆ, ಅವರು ಹೇಳಿದ ಮಾತುಗಳಲ್ಲಿ ನಿಮಗೆ ಹೊಸದಾಗಿ ತಿಳಿದದ್ದು ಯಾವುದೋ ಅದನ್ನು ಬರೆಯಿರಿ.

ಮಾತು ನಡೆದ ಭಾಷೆಯಲ್ಲೇ ಪತ್ರವೂ ಇರಲಿ. ಐಟಿ ಕಂಪನಿಯಲ್ಲಿ ಇಂಗ್ಲಿಷ್ ಸಹಜ. ಕನ್ನಡ ಪತ್ರಿಕೆ, ಪ್ರಕಾಶನ, ಸಹಕಾರ ಸಂಘ, ಹಳ್ಳಿಗಳಲ್ಲಿ ಕೆಲಸ ಮಾಡುವ ಸಂಸ್ಥೆ, ಕನ್ನಡ ಮಾಧ್ಯಮದ ಶಾಲೆ ಇಲ್ಲೆಲ್ಲ ಕನ್ನಡದಲ್ಲೇ ಬರೆಯಿರಿ. ಯುನಿಕೋಡ್‌ನಲ್ಲಿ ಟೈಪ್ ಮಾಡಿ. ಹಳೆಯ ಫಾಂಟ್‌ನಲ್ಲಿ ಬರೆದದ್ದು ಅವರ ಫೋನಿನಲ್ಲಿ ಅರ್ಥವಿಲ್ಲದ ಅಕ್ಷರಗಳಾಗಿ ಕಾಣಬಹುದು. ಖಾಸಗಿ ಶಾಲೆಯೊಂದರಲ್ಲಿ ಡೆಮೊ ಕ್ಲಾಸ್ ಕೊಟ್ಟು ಬಂದ ಶಿಕ್ಷಕಿ ಮುಖ್ಯೋಪಾಧ್ಯಾಯಿನಿಗೆ ಇಷ್ಟು ಬರೆದರೂ ಚೆಂದ: ‘ನಮಸ್ಕಾರ ಮೇಡಂ, ಏಳನೇ ತರಗತಿಯಲ್ಲಿ ಪಾಠ ಮಾಡಲು ಅವಕಾಶ ಕೊಟ್ಟಿದ್ದಕ್ಕೆ ಧನ್ಯವಾದ. ಅನುಪಾತದ ಲೆಕ್ಕಕ್ಕೆ ಮಕ್ಕಳು ಪಾನಕದ ಉದಾಹರಣೆ ತಾವಾಗಿ ಕೊಟ್ಟಾಗ ತುಂಬ ಖುಷಿಯಾಯಿತು. ಹಿಂದಿನ ಬೆಂಚಿನವರನ್ನು ಇನ್ನಷ್ಟು ಮಾತಾಡಿಸಿ ಎಂದು ನೀವು ಹೇಳಿದ ಸಲಹೆಯನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದೇನೆ.’

ಚಾಟ್‌ಜಿಪಿಟಿಯಂಥ ಸಾಧನಗಳಿಂದ ಬರೆಸಬಹುದೇ? ಕಾಗುಣಿತ, ವ್ಯಾಕರಣ ನೋಡಿಸಿಕೊಳ್ಳಿ, ಅಡ್ಡಿಯಿಲ್ಲ. ಪೂರ್ತಿ ಬರೆಸಿದರೆ ನಿಮ್ಮ ಹಿಂದೆ ಮುಂದೆ ಸಂದರ್ಶನ ಕೊಟ್ಟವರ ಪತ್ರವೂ ನಿಮ್ಮದೂ ಒಂದೇ ಥರ ಇರುತ್ತದೆ. ಸಂದರ್ಶನದಲ್ಲಿ ಕೇಳಿದ ಕಂಪನಿಯ ಒಳಗಿನ ವಿಷಯಗಳನ್ನು ಅದಕ್ಕೆ ತುಂಬಿಸುವುದೂ ಸರಿಯಲ್ಲ.

ಪತ್ರದಲ್ಲಿ ಬರಬಾರದ ಕೆಲವು ಸಂಗತಿಗಳಿವೆ. ಸಂಬಳದ ಮಾತು, ಕೈಯಲ್ಲಿರುವ ಬೇರೆ ಆಫರ್, ಕೇಳದಿದ್ದರೂ ಮತ್ತೆ ಲಗತ್ತಿಸಿದ ರೆಸ್ಯೂಮೆ. ‘ನಾನೂ ನಿಮ್ಮೂರಿನ ಕಡೆಯವನೇ’, ‘ನಿಮ್ಮ ಸಂಬಂಧಿ ಇಂಥವರು ನಮಗೆ ಬೇಕಾದವರು’ ಎಂಬ ನಂಟಿನ ಮಾತನ್ನು ನಾನು ಕಟ್ಟುನಿಟ್ಟಾಗಿ ಬೇಡ ಎನ್ನುತ್ತೇನೆ. ಊರು, ಜಾತಿ, ಮಠ, ಬಂಧುತ್ವದ ಎಳೆ ಹಿಡಿದು ಬಂದ ಪತ್ರ ಓದಿದ ಪ್ರಾಮಾಣಿಕ ಸಂದರ್ಶಕರು ನಿಮ್ಮಿಂದ ಒಂದು ಹೆಜ್ಜೆ ದೂರ ಸರಿಯುತ್ತಾರೆ. ನಿಮ್ಮ ಅರ್ಹತೆಗೂ ಅದರಿಂದ ಕಳಂಕ. ಧಾರವಾಡ ಪೇಡೆಯ ಡಬ್ಬಿಯನ್ನು ರಿಸೆಪ್ಷನ್‌ನಲ್ಲಿ ಕೊಟ್ಟು ಬರುವುದೂ ಇದೇ ಸಾಲಿಗೆ ಸೇರುತ್ತದೆ. ಎಷ್ಟು ಪ್ರೀತಿಯಿಂದ ಕೊಟ್ಟರೂ ಆಯ್ಕೆ ನಡೆಯುತ್ತಿರುವಾಗ ಉಡುಗೊರೆ ಉಡುಗೊರೆಯಾಗಿ ಉಳಿಯುವುದಿಲ್ಲ.

ಉತ್ತರ ಬರದಿದ್ದರೆ

ಬರುವುದಿಲ್ಲ, ಬಹುತೇಕ. ಅದರಲ್ಲಿ ಅರ್ಥ ಹುಡುಕಬೇಡಿ. ‘ಥ್ಯಾಂಕ್ಸ್, ಆಲ್ ದಿ ಬೆಸ್ಟ್’ ಎಂದು ಬಂದರೂ ಅದನ್ನು ಒಪ್ಪಿಗೆ ಎಂದೋ ನಿರಾಕರಣೆ ಎಂದೋ ಓದಿಕೊಳ್ಳಬೇಡಿ. ಫಲಿತಾಂಶ ವಿಚಾರಿಸುವುದು ಬೇರೆ ಕೆಲಸ, ಅದಕ್ಕೆ ಬೇರೆ ಇಮೇಲ್. ‘ಒಂದು ವಾರದಲ್ಲಿ ತಿಳಿಸುತ್ತೇವೆ’ ಎಂದಿದ್ದರೆ ಆ ವಾರ ಕಳೆದು, ಮೇಲೆ ಎರಡು ಮೂರು ಕೆಲಸದ ದಿನ ಬಿಟ್ಟು, ಅದೇ ಇಮೇಲ್ ಸರಣಿಯಲ್ಲಿ ಎಚ್‌ಆರ್ ಅವರಿಗೆ ಬರೆಯಿರಿ: ‘ಇಂಥ ದಿನ ನಡೆದ ಸಂದರ್ಶನದ ಮುಂದಿನ ಹಂತದ ಬಗ್ಗೆ ಮಾಹಿತಿ ಇದ್ದರೆ ತಿಳಿಸುತ್ತೀರಾ?’ ಇನ್ನೊಂದು ವಾರ ಹತ್ತು ದಿನ ಬಿಟ್ಟು ಮತ್ತೊಮ್ಮೆ. ಅಲ್ಲಿಗೆ ನಿಲ್ಲಿಸಿ. ಅಭ್ಯರ್ಥಿಗಳಿಗೆ ಉತ್ತರವನ್ನೇ ಕೊಡದೆ ಸುಮ್ಮನಾಗುವ ಕಂಪನಿಗಳು ಬಹಳ ಇವೆ. ಅದು ತಪ್ಪು, ಆ ತಪ್ಪು ಅವರದು.

ಆಯ್ಕೆಯಾಗಲಿಲ್ಲ ಎಂದಾಗ

ಜನ ಬರೆಯದೇ ಬಿಡುವ ಪತ್ರ ಇದು. ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಬೆಲೆಬಾಳುವುದೂ ಇದೇ. ನಿರಾಕರಣೆಯ ಇಮೇಲ್ ಓದಿ ಬೇಸರವಾಗುವುದು ಸಹಜ, ಆ ಬೇಸರದಲ್ಲಿ ಅದೇ ಗಳಿಗೆ ಏನೂ ಬರೆಯಬೇಡಿ. ಮರುದಿನ ಬರೆಯಿರಿ. ಕಾರಣ ಭಾವನಾತ್ಮಕವಲ್ಲ, ವ್ಯಾವಹಾರಿಕ. ನಮ್ಮ ಐಟಿ ಕಂಪನಿಗಳಲ್ಲಿ ನೋಟಿಸ್ ಅವಧಿ, ಅಂದರೆ ರಾಜೀನಾಮೆ ಕೊಟ್ಟ ಮೇಲೂ ಹಳೆಯ ಕಂಪನಿಯಲ್ಲೇ ಇರಬೇಕಾದ ಕಾಲ, 60 ದಿನ, 90 ದಿನ ಇರುವುದು ಸಾಮಾನ್ಯ. ಆಯ್ಕೆಯಾದವರು ಆ ಮೂರು ತಿಂಗಳಲ್ಲಿ ಇನ್ನೊಂದು ಒಳ್ಳೆಯ ಆಫರ್ ಸಿಕ್ಕಿ ಕೊನೆಯ ವಾರದಲ್ಲಿ ‘ಬರುವುದಿಲ್ಲ’ ಎನ್ನುವುದು ಎಚ್‌ಆರ್‌ನವರ ನಿತ್ಯದ ತಲೆನೋವು. ಆಗ ಹಳೆಯ ಪಟ್ಟಿ ಹೊರಬರುತ್ತದೆ. ಎರಡನೆಯ, ಮೂರನೆಯ ಸ್ಥಾನದಲ್ಲಿದ್ದವರಲ್ಲಿ ಯಾರನ್ನು ಮೊದಲು ಕರೆಯಬೇಕು ಎಂಬ ಮಾತು ಬಂದಾಗ, ‘ಬೇಡ’ ಎಂದ ಮೇಲೂ ಮರ್ಯಾದೆಯಿಂದ ಉತ್ತರಿಸಿದವರ ಹೆಸರು ನೆನಪಿಗೆ ಬರುತ್ತದೆ.

ಇಷ್ಟು ಸಾಕು: ‘ಫಲಿತಾಂಶ ತಿಳಿಸಿದ್ದಕ್ಕೆ ಧನ್ಯವಾದ. ಈ ಬಾರಿ ಆಗದಿದ್ದುದಕ್ಕೆ ಬೇಸರವಿದೆ, ಆದರೆ ನಿಮ್ಮ ತಂಡದ ಜೊತೆ ನಡೆದ ಮಾತುಕತೆಯಿಂದ ಕಲಿತದ್ದಿದೆ. ಮುಂದೆ ನನಗೆ ಹೊಂದುವ ಹುದ್ದೆ ತೆರೆದರೆ ದಯವಿಟ್ಟು ನೆನಪಿಸಿಕೊಳ್ಳಿ.’ ನಿರಾಕರಣೆಗೆ ಕಾರಣ ಕೇಳುವ ಆಸೆಯಿದ್ದರೆ ‘ನಾನು ಯಾವುದರಲ್ಲಿ ಸುಧಾರಿಸಬೇಕು ಎಂದು ಒಂದು ಮಾತು ಹೇಳಿದರೆ ಉಪಕಾರ’ ಎಂದು ಸೇರಿಸಬಹುದು. ಉತ್ತರ ಬರದಿದ್ದರೆ ಒತ್ತಾಯ ಮಾಡಬೇಡಿ, ಅನೇಕ ಕಂಪನಿಗಳು ಕಾರಣ ಬರೆದು ಕೊಡಲು ಒಪ್ಪುವುದಿಲ್ಲ. ಬೇರೆ ಕಡೆ ಕೆಲಸ ಒಪ್ಪಿಕೊಂಡು ನೀವೇ ಹಿಂದೆ ಸರಿಯುವುದಾದರೂ ಫೋನ್ ಎತ್ತದೆ ಮಾಯವಾಗಬೇಡಿ, ಅದೇ ದಿನ ಎರಡು ಸಾಲು ಬರೆದು ತಿಳಿಸಿ.

ಇನ್ನೊಬ್ಬರಿದ್ದಾರೆ. ನಿಮ್ಮ ರೆಸ್ಯೂಮೆಯನ್ನು ತಮ್ಮ ಕಂಪನಿಯೊಳಗೆ ರೆಫರ್ ಮಾಡಿದ ಸ್ನೇಹಿತೆ, ಹಳೆಯ ಸೀನಿಯರ್, ಪಕ್ಕದ ಮನೆಯ ಅಣ್ಣ. ಸಂದರ್ಶನದ ದಿನ ಸಂಜೆ ಅವರಿಗೆ ಫೋನ್ ಮಾಡಿ ಹೇಗಾಯಿತೆಂದು ಹೇಳಿ. ಫಲಿತಾಂಶ ಬಂದ ದಿನ, ಆಗಿರಲಿ ಬಿಡಲಿ, ಮೊದಲು ಅವರಿಗೆ ತಿಳಿಸಿ. ಎಚ್‌ಆರ್‌ನವರಿಂದ ಅವರಿಗೆ ಸುದ್ದಿ ಹೋಗುವ ಮುನ್ನ ನಿಮ್ಮಿಂದಲೇ ಹೋಗಬೇಕು.